ಮಗಳ ಯೂನಿಫಾರ್ಮ್ ಉದ್ದ ಎರಡು ವರ್ಷದಿಂದ ಹೆಚ್ಚುಕಡಿಮೆ ಅಷ್ಟೇ ಇದೆ, ಈಗ ಥೈರಾಯ್ಡ್ ಅಂತ ಗೊತ್ತಾಯಿತು. ಗೊತ್ತಿರುವವರು ಸ್ವಲ್ಪ ಹೇಳಿ

ನಿಟ್ಟುವಳ್ಳಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮಗಳಿಗೆ 13 ವರ್ಷ, ಈ ಜೂನ್‌ಗೆ 8ನೇ ಕ್ಲಾಸ್. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ಯೂನಿಫಾರ್ಮ್ ಹೊಲಿಸಲು ಮಂಡಿಪೇಟೆ ಕಡೆ ನಮ್ಮ ಟೈಲರ್ ಹತ್ತಿರ ಹೋಗಿದ್ದೆವು. ಅವರು ಹಳೇ ಕಾಲದವರು. ಎಲ್ಲರ ಅಳತೆಯನ್ನೂ ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಟೇಪ್ ಹಿಡಿದರು, ಪುಸ್ತಕ ತಿರುವಿದರು, ಮತ್ತೆ ಟೇಪ್ ಹಿಡಿದರು. "ಅಕ್ಕಾ, ಲಂಗದ ಉದ್ದ ಹೋದ ವರ್ಷನೂ ಇಪ್ಪತ್ತನಾಲ್ಕೂವರೆ, ಈ ವರ್ಷನೂ ಇಪ್ಪತ್ತನಾಲ್ಕೂವರೆ. ಅದರ ಹಿಂದಿನ ವರ್ಷ ಇಪ್ಪತ್ತನಾಲ್ಕು. ಸೊಂಟ ಮಾತ್ರ ವರ್ಷಕ್ಕೆರಡು ಇಂಚು ಬಿಡ್ತಾ ಇದೀನಿ ನೋಡ್ರಿ" ಅಂದರು.

ನಿಜ ಹೇಳುತ್ತೇನೆ, ಮೊದಲು ನನಗೆ ಖುಷಿಯೇ ಆಯಿತು. ಹಳೇ ಲಂಗದ ಸೊಂಟ ಬಿಚ್ಚಿಸಿದರೆ ಇನ್ನೊಂದು ವರ್ಷ ಬರುತ್ತದೆ ಅಂದುಕೊಂಡೆ. ರಾತ್ರಿ ಮಲಗಿದಾಗ ತಲೆಗೆ ಹೊಳೆಯಿತು. 13 ವರ್ಷದ ಹುಡುಗಿ ಬೆಳೆಯಲೇ ಇಲ್ಲ ಅಂದರೆ ಏನರ್ಥ? ಇನ್ನೂ ದೊಡ್ಡವಳೂ ಆಗಿಲ್ಲ, ಈಗಲ್ಲವಾ ಸರ್ರನೆ ಉದ್ದ ಆಗಬೇಕಾದದ್ದು? ಬೆಳಿಗ್ಗೆ ಎದ್ದು ಶಾಲೆಯ ಆರೋಗ್ಯ ಕಾರ್ಡ್ ಹುಡುಕಿದೆ. 6ನೇ ಕ್ಲಾಸಿನಲ್ಲಿ 138 ಸೆಂಟಿಮೀಟರ್, 7ರಲ್ಲಿ 141.5. ಗೋಡೆಗೆ ನಿಲ್ಲಿಸಿ ಅಳೆದರೆ 142.5.

ಆಮೇಲೆ ಒಂದೊಂದೇ ನೆನಪಾಯಿತು. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ನಿಮಗೇ ಗೊತ್ತು, ಆ ಧಗೆಯಲ್ಲಿ ಫ್ಯಾನ್ ಆಫ್ ಮಾಡು ಅನ್ನುತ್ತಿದ್ದಳು. ಶಾಲೆಯಿಂದ ಬಂದು ಬ್ಯಾಗ್ ಕೂಡ ತೆಗೆಯದೆ ಸೋಫಾ ಮೇಲೆ ನಿದ್ದೆ. ಮಲಬದ್ಧತೆ, ನಾಲ್ಕು ದಿನಕ್ಕೊಮ್ಮೆ ಟಾಯ್ಲೆಟ್‌ಗೆ ಹೋಗುವುದು. ಮೊಣಕೈ ಚರ್ಮ ಒರಟು. ಬೆಳಿಗ್ಗೆ ಮುಖ ಊದಿದ ಹಾಗೆ. ಗಣಿತದಲ್ಲಿ ಚುರುಕಿದ್ದವಳು ಲೆಕ್ಕದ ಮುಂದೆ ಸುಮ್ನೆ ಕೂತಿರುತ್ತಿದ್ದಳು. ನಾವು ಏನು ಮಾಡಿದೆವು? ಸೋಮಾರಿ ಅಂದೆವು. ಮೊಬೈಲ್ ಕಿತ್ತುಕೊಂಡೆವು. ಟ್ಯೂಷನ್ ಹಾಕಿದೆವು. ಆರು ತಿಂಗಳ ಹಿಂದೆ ಒಂದು ಕ್ಲಿನಿಕ್‌ನಲ್ಲಿ ತೋರಿಸಿದ್ದೆವು ಕೂಡ. "ವಯಸ್ಸಿಗೆ ಬರೋ ಹೊತ್ತು, ಹಿಂಗೇ ಇರ್ತಾರೆ" ಅಂತ ಟಾನಿಕ್ ಕೊಟ್ಟು ಕಳಿಸಿದ್ದರು. ಎತ್ತರ ಯಾರೂ ಅಳೆಯಲಿಲ್ಲ.

ಈ ಸಲ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಟಿಎಸ್‌ಎಚ್ 100ಕ್ಕಿಂತ ಜಾಸ್ತಿ ಅಂತ ರಿಪೋರ್ಟ್ ಬಂತು. ಅದು ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಅಂತೆ. ಥೈರಾಯ್ಡ್ ಹಾರ್ಮೋನ್ ಆದ ಫ್ರೀ ಟಿ4 ತೀರಾ ಕಡಿಮೆ, 0.3. ಥೈರಾಯ್ಡ್ ವಿರುದ್ಧ ದೇಹ ತಯಾರಿಸುವ ಆಂಟಿ ಟಿಪಿಒ ಅನ್ನುವುದೂ ಸಿಕ್ಕಾಪಟ್ಟೆ ಜಾಸ್ತಿ. ಹಶಿಮೋಟೊ ಅಂದರು. ಅಂದರೆ ದೇಹವೇ ಕುತ್ತಿಗೆಯಲ್ಲಿರುವ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬೀಳುವುದಂತೆ. ಮಾತ್ರೆ ಶುರುವಾಗಿ ನಾಲ್ಕು ದಿನ ಆಯಿತು.

ನನ್ನ ಪ್ರಶ್ನೆ ಮೂರು. ಇದು ಜೀವನಪೂರ್ತಿನಾ? ಊಟದಲ್ಲಿ ಏನು ಬಿಡಬೇಕು? ಕೊನೆಯದು, ನಮ್ಮ ಅತ್ತೆ "ಹುಡುಗಿ ವಿಷಯ, ಹೊರಗೆ ಬಾಯಿ ಬಿಡಬೇಡ" ಅನ್ನುತ್ತಿದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. 😅

ಜಗಳೂರು_ಸಿಸ್ಟರ್

ಅಕ್ಕಾ, ನಾನು ನರ್ಸ್. ನಿಮ್ಮ ಟೈಲರ್‌ಗೆ ಒಂದು ನಮಸ್ಕಾರ ಹೇಳಿ. ಅವರು ಹಿಡಿದ ಲೆಕ್ಕವನ್ನೇ ನಾವೂ ಮೊದಲು ನೋಡುವುದು.

ಬರೀ ತಿಂದು ದಪ್ಪ ಆದ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೂ ಇರುತ್ತಾರೆ. ಸೊಂಟ ಹಿಗ್ಗುತ್ತಾ ಎತ್ತರ ನಿಂತುಬಿಟ್ಟರೆ ಹಾರ್ಮೋನ್ ಕಡೆ ನೋಡಲೇಬೇಕು. ಮೈ ನೆರೆಯುವ ಮೊದಲೂ ಮಕ್ಕಳು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಆದರೂ ಬೆಳೆಯುತ್ತಾರೆ. ಆ ವಯಸ್ಸು ಬಂದಾಗ ಇನ್ನೂ ಜಾಸ್ತಿ. ನಿಮ್ಮ ಮಗಳು ಒಂದು ವರ್ಷಕ್ಕೆ 1 ಸೆಂಟಿಮೀಟರ್ ಅಂದರೆ ಅದು ಸೋಮಾರಿತನ ಅಲ್ಲವೇ ಅಲ್ಲ.

ಆದರೆ ಓದುವವರು ಒಂದು ಗಮನಿಸಿ. ಮುಟ್ಟು ಶುರುವಾಗಿ ಎರಡು ವರ್ಷ ದಾಟಿದ ಹುಡುಗಿಯರ ಎತ್ತರ ತಾನಾಗಿಯೇ ನಿಧಾನ ಆಗುತ್ತದೆ. ಅದಕ್ಕೆ ಗಾಬರಿ ಬೇಡ. ಅವರಲ್ಲಿ ಬೇರೆ ಸುಳಿವು ನೋಡಬೇಕು: ಮುಟ್ಟು ಏರುಪೇರು, ರಕ್ತ ಜಾಸ್ತಿ ಹೋಗುವುದು, ಕೂದಲು ಉದುರುವುದು, ಚಳಿ ತಡೆಯದಿರುವುದು, ಮಲಬದ್ಧತೆ.

ಕುತ್ತಿಗೆಯನ್ನೂ ನೋಡಿ. ಮಗುವನ್ನು ಬೆಳಕಿಗೆ ಕೂರಿಸಿ, ಗಲ್ಲ ಸ್ವಲ್ಪ ಮೇಲೆತ್ತಿಸಿ, ಒಂದು ಗುಟುಕು ನೀರು ಕುಡಿಸಿ. ಗಂಟಲಿನ ಕೆಳಭಾಗದಲ್ಲಿ ಉಬ್ಬು ಇದ್ದು, ನುಂಗುವಾಗ ಅದು ಮೇಲಕ್ಕೆ ಸರಿದರೆ ಡಾಕ್ಟರ್‌ಗೆ ತೋರಿಸಿ. ಉಬ್ಬು ಇಲ್ಲ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ.

ಜೀವನಪೂರ್ತಿನಾ ಅಂದಿರಿ. ಇಷ್ಟು ಜಾಸ್ತಿ ಇದ್ದವರಿಗೆ ಬಹಳ ಮಟ್ಟಿಗೆ ಹೌದು. ಆದರೆ ಅದು ದೇಹದಲ್ಲೇ ಇರಬೇಕಾದ ಹಾರ್ಮೋನನ್ನು ಮಾತ್ರೆಯಾಗಿ ಕೊಡುವುದು ಅಷ್ಟೇ. ಹೊರಗಿನ ವಿಷ ಅಲ್ಲ.

ಸೂಜಿ_ಸಿರಿಂಜ್

ನಾನು ಲ್ಯಾಬ್‌ನಲ್ಲಿ ರಕ್ತ ತೆಗೆಯುವವನು, ಡಾಕ್ಟರ್ ಅಲ್ಲ. ಟೆಸ್ಟ್ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ದಿನಾ ಇದೇ ಕೇಳುತ್ತಾರೆ.

ಟಿಎಸ್‌ಎಚ್ ಅನ್ನುವುದು ಥೈರಾಯ್ಡ್‌ನಲ್ಲಿ ಹುಟ್ಟುವುದಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವುದು. ನಮ್ಮ ಏರಿಯಾದಲ್ಲಿ ನಲ್ಲಿ ಬರದಿದ್ದರೆ ನೀರುಗಂಟಿಗೆ ಫೋನ್ ಮಾಡುತ್ತೇವಲ್ಲ, ಹಾಗೆ. ನೀರು ಬಾರದಿದ್ದಷ್ಟೂ ಫೋನ್ ಜಾಸ್ತಿ. ಟಿಎಸ್‌ಎಚ್ ಅಂದರೆ ಫೋನ್, ಟಿ4 ಅಂದರೆ ನೀರು. ನೀರು ಕಡಿಮೆ, ಫೋನ್ ಜಾಸ್ತಿ ಅಂದರೆ ಹೈಪೋ, ಥೈರಾಯ್ಡ್ ಕೆಲಸ ಸಾಲುತ್ತಿಲ್ಲ ಅಂತ. ನೀರು ಉಕ್ಕಿ ಹರಿಯುತ್ತಿದ್ದರೆ ಫೋನೇ ಇಲ್ಲ, ಟಿಎಸ್‌ಎಚ್ ತಳ ಕಾಣುತ್ತದೆ. ಅದು ಹೈಪರ್.

ಅಪರೂಪಕ್ಕೆ ಫೋನೇ ಕೆಟ್ಟಿರುತ್ತದೆ. ಪಿಟ್ಯುಟರಿಯಲ್ಲೇ ತೊಂದರೆ ಇದ್ದಾಗ ಟಿಎಸ್‌ಎಚ್ ನಾರ್ಮಲ್ ಅಂತ ಕಾಣಬಹುದು, ಆದರೆ ಟಿ4 ಕಡಿಮೆ. ಅದಕ್ಕೇ ಬೆಳವಣಿಗೆ ನಿಂತ ಮಕ್ಕಳಿಗೆ ಬರೀ ಟಿಎಸ್‌ಎಚ್ ಸಾಲದು, ಫ್ರೀ ಟಿ4 ಕೂಡ ಬರೆಸಿಕೊಳ್ಳಿ.

ಖಾಲಿ ಹೊಟ್ಟೆ ಬೇಕಾ? ಥೈರಾಯ್ಡ್ ಒಂದಕ್ಕೇ ಆದರೆ ಕಡ್ಡಾಯ ಇಲ್ಲ. ಟಿಎಸ್‌ಎಚ್ ದಿನದಲ್ಲಿ ಏರಿಳಿಯುತ್ತದೆ, ಮುಂಜಾನೆ ಜಾಸ್ತಿ. ಹಾಗಾಗಿ ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಲ್ಯಾಬ್‌ಗೆ ಕೊಟ್ಟರೆ ಹೋಲಿಸಲು ಸುಲಭ. ಮಾತ್ರೆ ತಗೊಳ್ಳುವವರು ಆ ದಿನದ ಮಾತ್ರೆಗೆ ಮೊದಲೇ ರಕ್ತ ಕೊಟ್ಟುಬಿಡಿ.

ಇನ್ನು ಬಯೋಟಿನ್. ಕೂದಲು ಉದುರುತ್ತದೆ ಅಂತ ಹುಡುಗಿಯರು ಅಂಗಡಿಯಿಂದ ತಂದು ನುಂಗುವ ಮಾತ್ರೆ, ಅಂಟಂಟು ಚಾಕ್‌ಲೇಟ್ ತರದ್ದೂ ಬರುತ್ತದೆ. ಅದು ಕೆಲವು ಮೆಷಿನ್‌ಗಳಿಗೆ ಮೋಸ ಮಾಡುತ್ತದೆ. ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸಿಬಿಡಬಹುದು. ಟೆಸ್ಟ್‌ಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ, ಡೋಸ್ ಜಾಸ್ತಿ ಇದ್ದರೆ ಇನ್ನೂ ಮೊದಲೇ. ಡಾಕ್ಟರ್‌ಗೂ ಹೇಳಿ. ಮಗಳು ಹೇಳುವುದಿಲ್ಲ, ನೀವೇ ಕೇಳಬೇಕು.

ದುರ್ಗದ_ಮೇಷ್ಟ್ರು

ಚಿತ್ರದುರ್ಗದಿಂದ. ಎಲ್ಲರೂ ನಿಧಾನ ಆಗುವ ಮಕ್ಕಳ ಬಗ್ಗೆ ಬರೆಯುತ್ತಿದ್ದೀರಿ. ನಾನು ಉಲ್ಟಾ ಕಂಡಿದ್ದೇನೆ.

ನಮ್ಮ 10ನೇ ತರಗತಿಯಲ್ಲಿ ಒಬ್ಬ ಹುಡುಗ. ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ದಸರಾ ರಜೆ ಮುಗಿಸಿ ಬಂದ ಮೇಲೆ ಕೋಳಿ ಕಾಲು ಆಯಿತು. ಒಂದೇ ನೋಟ್‌ಬುಕ್, ಮೊದಲ ಇಪ್ಪತ್ತು ಪುಟ ಒಬ್ಬ ಬರೆದ, ಉಳಿದದ್ದು ಇನ್ನೊಬ್ಬ ಬರೆದ ಅನ್ನುವ ಹಾಗೆ. ಲ್ಯಾಬ್‌ನಲ್ಲಿ ಪ್ರನಾಳಕ್ಕೆ ಆಮ್ಲ ಹಾಕುವಾಗ ಟೇಬಲ್ ಮೇಲೆ ಚೆಲ್ಲಿದ. ನಾನು ಬೈದೆ. ಯಾವುದೋ ಚಟಕ್ಕೆ ಬಿದ್ದಿದ್ದಾನೆ ಅಂತಲೂ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡೆವು. ಆ ಮಾತು ಈಗಲೂ ಚುಚ್ಚುತ್ತದೆ.

ಅವರಮ್ಮ ಬಂದಾಗ ಹೇಳಿದ್ದು: "ಸಾರ್, ನಾಲ್ಕು ರೊಟ್ಟಿ ತಿನ್ನೋನು ಎಂಟು ತಿಂತಾನೆ, ಆದ್ರೂ ಪ್ಯಾಂಟ್ ಜಾರತೈತಿ." ರಾತ್ರಿ ನಿದ್ದೆ ಇಲ್ಲ, ಬೆವರು, ಸುಮ್ಮನೆ ಕೂತಾಗಲೂ ಎದೆ ಡವಡವ. ನಮ್ಮ ಸಹೋದ್ಯೋಗಿಯೊಬ್ಬರಿಗೆ ಇದರ ಅನುಭವ ಇತ್ತು. ಹುಡುಗನಿಗೆ ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಅಂಚು ಗಾಳಿಗೆ ಅಲುಗಿದ ಹಾಗೆ ಪಟಪಟ ನಡುಗಿತು. ಫ್ಯಾನ್ ಆಫ್ ಇತ್ತು.

ಗ್ರೇವ್ಸ್ ಕಾಯಿಲೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುವುದು. ಕಾರ್ಬಿಮಜೋಲ್ ಮಾತ್ರೆ ನಡೆಯುತ್ತಿದೆ. ವರ್ಷಗಟ್ಟಲೆ ತಗೊಳ್ಳಬೇಕಾಗಬಹುದು ಅಂದಿದ್ದಾರಂತೆ. ಆ ಮಾತ್ರೆಯಲ್ಲಿದ್ದಾಗ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ ರಕ್ತಕಣ ಎಣಿಸಬೇಕು ಅಂತ ಹುಡುಗನೇ ನನಗೆ ಪಾಠ ಮಾಡಿದ. ಬಿಳಿ ರಕ್ತಕಣ ಕುಸಿಯುವ ಅಪಾಯ ಅಪರೂಪಕ್ಕೆ ಇರುತ್ತದಂತೆ.

ಮಂಡಕ್ಕಿ_ಮಿರ್ಚಿ

ನನ್ನದು ಬೇರೆ ಕಥೆ. ಮಗಳಿಗೆ 15, ತೂಕ ಸ್ವಲ್ಪ ಜಾಸ್ತಿ. ಆಫರ್ ಇದೆ ಅಂತ ಫುಲ್ ಬಾಡಿ ಚೆಕಪ್ ಮಾಡಿಸಿದೆವು. ಟಿಎಸ್‌ಎಚ್ 6.2, ಫ್ರೀ ಟಿ4 ನಾರ್ಮಲ್. ಒಬ್ಬರು ತಕ್ಷಣ ಮಾತ್ರೆ ಬರೆದರು. ಇನ್ನೊಬ್ಬರು ಬೇಡ, 3 ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಯಾರ ಮಾತು ಕೇಳಬೇಕು?

ಬಾತಿಗುಡ್ಡ

ಮಾತ್ರೆ ಯಾಕ್ರೀ? ನಮ್ಮ ಚಿಕ್ಕಮ್ಮ ರಾತ್ರಿ ಕೊತ್ತಂಬರಿ ಬೀಜ ನೆನೆಸಿ ಬೆಳಿಗ್ಗೆ ಆ ನೀರು ಕುಡಿಯುತ್ತಾರೆ. ಮಾತ್ರೆ ಬಿಟ್ಟು 15 ದಿನ ಆಯಿತು, ಆರಾಮಾಗಿದ್ದಾರೆ.

ಜಗಳೂರು_ಸಿಸ್ಟರ್

@ಬಾತಿಗುಡ್ಡ ಅಣ್ಣಾ, ಕೊತ್ತಂಬರಿ ನೀರು ಕುಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಲೆವೋಥೈರಾಕ್ಸಿನ್, ಅಂದರೆ ಹೈಪೋಗೆ ಕೊಡುವ ಈ ಥೈರಾಯ್ಡ್ ಮಾತ್ರೆ, ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಬಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ. 15 ದಿನದ ಆರಾಮು ಹಳೇ ಮಾತ್ರೆಯದ್ದು, ಬೀಜದ್ದಲ್ಲ. ಚಿಕ್ಕಮ್ಮನಿಗೆ ದಯವಿಟ್ಟು ಇನ್ನೊಂದು ತಿಂಗಳಲ್ಲಿ ಟೆಸ್ಟ್ ಮಾಡಿಸಿ. ಬೆಳೆಯುವ ಮಕ್ಕಳಲ್ಲಿ ಅಂತೂ ಈ ಆಟ ಬೇಡವೇ ಬೇಡ, ಕಳೆದುಹೋದ ಎತ್ತರ ಪೂರ್ತಿ ವಾಪಸ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

@ಮಂಡಕ್ಕಿ_ಮಿರ್ಚಿ ಅಕ್ಕಾ, ಎರಡನೆಯವರ ಮಾತಿನಲ್ಲಿ ಅರ್ಥ ಇದೆ. ತೂಕ ಜಾಸ್ತಿ ಇದ್ದರೆ ಆ ತೂಕವೇ ಟಿಎಸ್‌ಎಚ್ ಅನ್ನು ಸ್ವಲ್ಪ ಏರಿಸುತ್ತದೆ. ಥೈರಾಯ್ಡ್‌ನಿಂದ ತೂಕ ಬಂತು ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಕಥೆ ಉಲ್ಟಾ. ಟಿ4 ಸರಿ ಇದ್ದು ಟಿಎಸ್‌ಎಚ್ 10ರ ಒಳಗಿದ್ದರೆ ಬಹಳಷ್ಟು ಮಕ್ಕಳಲ್ಲಿ ಮುಂದಿನ ಟೆಸ್ಟ್‌ಗೆ ತಾನೇ ಇಳಿದಿರುತ್ತದೆ. ಕುತ್ತಿಗೆ ಊತ ಇದೆಯಾ, ಆಂಟಿ ಟಿಪಿಒ ಜಾಸ್ತಿ ಇದೆಯಾ, ಎತ್ತರ ಸರಿಯಾಗಿ ಏರುತ್ತಿದೆಯಾ ಅಂತ ನೋಡಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ. 10 ದಾಟಿದರೆ ಮಾತು ಬೇರೆ.

ಹೊಳಲ್ಕೆರೆ_ಅಪ್ಪ

ಇಲ್ಲಿ ನಾನು ಸ್ವಲ್ಪ ಜಗಳ ಆಡುತ್ತೇನೆ. 😀 ಈ ಪೋಸ್ಟ್ ಓದಿ ನಾಳೆ ಎಲ್ಲರೂ ಮಕ್ಕಳನ್ನು ಲ್ಯಾಬ್‌ಗೆ ಎಳೆದುಕೊಂಡು ಹೋಗುತ್ತಾರೆ. ಮಕ್ಕಳು ಸುಸ್ತಾಗಲು ನೂರು ಕಾರಣ ಇದೆ. ರಾತ್ರಿ 1 ಗಂಟೆವರೆಗೆ ರೀಲ್ಸ್, ಬೆಳಿಗ್ಗೆ 6ಕ್ಕೆ ಟ್ಯೂಷನ್, ತಿಂಡಿಗೆ ಬರೀ ಒಗ್ಗರಣೆ ಮಂಡಕ್ಕಿ. ಥೈರಾಯ್ಡ್ ಪಾಪ ಏನು ಮಾಡುತ್ತದೆ?

ನಿಟ್ಟುವಳ್ಳಿ_ಅಮ್ಮ

ಸರ್, ನೀವು ಹೇಳಿದ್ದು ಸರಿ. ನಾನೂ ಒಂದು ವರ್ಷ ಹಾಗೇ ಅಂದುಕೊಂಡೇ ಮೋಸ ಹೋಗಿದ್ದು. 🙂

ಜಗಳೂರು_ಸಿಸ್ಟರ್

ಅಪ್ಪಾಜಿ ಹೇಳಿದ್ದರಲ್ಲಿ ನಿಜ ಇದೆ. ನಮ್ಮ ಕಡೆ ಸುಸ್ತು ಅಂತ ಬರುವ ಹುಡುಗಿಯರಲ್ಲಿ ಮೊದಲು ಸಿಗುವುದು ರಕ್ತಹೀನತೆ. ಹಿಮೋಗ್ಲೋಬಿನ್ ಕೂಡ ಜೊತೆಗೇ ನೋಡಿಸಿ. ಮನಸ್ಸಿನ ಬೇಸರಕ್ಕೂ ಮಕ್ಕಳು ಹೀಗೇ ಮುದುಡುತ್ತಾರೆ, ಅದನ್ನೂ ಕೇಳಿ. ಸುಸ್ತು ಒಂದೇ ಇದ್ದರೆ ಸ್ವಲ್ಪ ದಿನ ನಿದ್ದೆ, ಊಟ ಸರಿಮಾಡಿ ನೋಡಿ. ಸುಸ್ತಿನ ಜೊತೆ ಇನ್ನೆರಡು ಮೂರು ಲಕ್ಷಣ ಸೇರಿದರೆ, ಎತ್ತರ ನಿಂತರೆ, ಕುತ್ತಿಗೆ ಊದಿದರೆ, ಅಥವಾ ಅಮ್ಮ, ಅಜ್ಜಿ, ಅಕ್ಕನಿಗೆ ಥೈರಾಯ್ಡ್ ಇದ್ದರೆ ತಡ ಮಾಡಬೇಡಿ.

ಲ್ಯಾಬ್‌ಗೆ ನೇರ ಓಡುವ ಬದಲು ಮೊದಲು ಡಾಕ್ಟರ್‌ಗೆ ತೋರಿಸಿ. ಖರ್ಚಿನ ಚಿಂತೆ ಇದ್ದವರು ಹತ್ತಿರದ ಪಿಎಚ್‌ಸಿಗೆ ಹೋಗಿ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಬರೆದುಕೊಡುತ್ತಾರೆ. ದಾವಣಗೆರೆಯವರಿಗೆ ಚಿಗಟೇರಿ ಆಸ್ಪತ್ರೆ ಗೊತ್ತೇ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರುತ್ತದೆ. ಮುಟ್ಟಿನ ವಿಷಯ ಅಮ್ಮನ ಮುಂದೆ ಹೇಳಲು ನಾಚುವ ಮಕ್ಕಳೂ ಅಲ್ಲಿ ಬಾಯಿ ಬಿಡುತ್ತಾರೆ. ಶಾಲೆಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಬಂದಾಗ ಗಳಗಂಡ, ಅಂದರೆ ಕುತ್ತಿಗೆ ಊತ, ಅವರು ನೋಡಬೇಕಾದ ಪಟ್ಟಿಯಲ್ಲೇ ಇದೆ. ಕೊಟ್ಟ ಚೀಟಿಯನ್ನು ಬ್ಯಾಗಿನ ತಳದಲ್ಲಿ ಬಿಡಬೇಡಿ.

ಸೂಜಿ_ಸಿರಿಂಜ್

ಒಂದು ಮಾತು ಸೇರಿಸುತ್ತೇನೆ. ಟೈಪ್ 1 ಸಕ್ಕರೆ ಕಾಯಿಲೆ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಲಕ್ಷಣ ಇಲ್ಲದಿದ್ದರೂ ಆಗಾಗ ಥೈರಾಯ್ಡ್ ನೋಡುತ್ತಾರೆ. ಅವರ ಲೆಕ್ಕವೇ ಬೇರೆ.

ಹರಿಹರದ_ಸೊಸೆ

ನಿಟ್ಟುವಳ್ಳಿ ಅಕ್ಕಾ, ನಿಮ್ಮ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ!

ನನಗೆ 14ನೇ ವಯಸ್ಸಿಗೇ ಹಶಿಮೋಟೊ. ಈಗ 31. ಅಜ್ಜಿ ಮಾತ್ರೆ ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡಿಸುತ್ತಿದ್ದರು, ಯಾರಾದರೂ ನೆಂಟರು ನೋಡಿಯಾರು ಅಂತ. ಬಚ್ಚಿಟ್ಟಲ್ಲೇ ಮರೆತು ಎಷ್ಟೋ ದಿನ ತಪ್ಪುತ್ತಿತ್ತು. ಹೆಣ್ಣು ನೋಡಲು ಬಂದಾಗ ನಾನೇ ಹುಡುಗನಿಗೆ ಹೇಳಿದೆ. ಒಂದು ಮನೆಯವರು ಮತ್ತೆ ಫೋನ್ ಮಾಡಲಿಲ್ಲ. ಎರಡನೆಯವರು "ನಮ್ಮಮ್ಮನೂ ತಗೊಳ್ತಾರೆ, ಯಾವ ಪವರ್?" ಅಂದರು. ಅವರೇ ಈಗ ನಮ್ಮೆಜಮಾನ್ರು.

ಇಬ್ಬರು ಮಕ್ಕಳು. ಬಸಿರಾದಾಗ ಡೋಸ್ ಸಾಮಾನ್ಯವಾಗಿ ಜಾಸ್ತಿ ಬೇಕಾಗುತ್ತದೆ, ಗೊತ್ತಾದ ಕೂಡಲೇ ಡಾಕ್ಟರ್‌ಗೆ ಹೇಳಬೇಕು. ಹೊರಗಿನವರಿಗೆ ಡಂಗುರ ಸಾರುವುದು ಬೇಡ, ಆದರೆ ಮಗಳಿಗೆ ಇದು ನಾಚಿಕೆ ಪಡುವ ವಿಷಯ ಅನ್ನಿಸದಿರಲಿ. ಅತ್ತೆಗೂ ಒಮ್ಮೆ ಟೆಸ್ಟ್ ಮಾಡಿಸಿ ನೋಡಿ, ನಾನು ತಮಾಷೆಗೆ ಹೇಳುತ್ತಿಲ್ಲ.

ಮಂಡಕ್ಕಿ_ಮಿರ್ಚಿ

ಊಟದ ವಿಷಯ? ಎಲೆಕೋಸು, ಹೂಕೋಸು ಬಂದ್ ಅಂತಾರಲ್ಲ.

ಜಗಳೂರು_ಸಿಸ್ಟರ್

ಮನೆಯಲ್ಲಿ ಬೇಯಿಸಿ ಪಲ್ಯ ಮಾಡಿ ತಿನ್ನುವಷ್ಟಕ್ಕೆ ಏನೂ ಆಗುವುದಿಲ್ಲ. ಹಸಿಯಾಗಿ ರಾಶಿ ತಿನ್ನಬೇಡಿ, ಅಷ್ಟೇ.

ಉಪ್ಪಿನ ಬಗ್ಗೆ ಮಾತ್ರ ನಾನು ಎಲ್ಲರಿಗೂ ಕಾಟ ಕೊಡುತ್ತೇನೆ. ಬೀದಿಯಲ್ಲಿ ಗಾಡಿ ಮೇಲೆ ಗೋಣಿಚೀಲದ ಹರಳುಪ್ಪು ಬರುತ್ತದಲ್ಲ, ಅದರಲ್ಲಿ ಅಯೋಡಿನ್ ಇರುತ್ತದೆ ಅನ್ನುವ ಭರವಸೆ ಇಲ್ಲ. ಸೈಂಧವ ಲವಣ ಆರೋಗ್ಯಕ್ಕೆ ಒಳ್ಳೇದು ಅಂತ ಪೂರ್ತಿ ಅದಕ್ಕೇ ಬದಲಾಯಿಸಿದ ಮನೆಗಳಿಗೂ ಇದೇ ಮಾತು. ಹದಿಹರೆಯದವರಿಗೆ ದಿನಕ್ಕೆ ಬೇಕಾದ ಅಯೋಡಿನ್ ಬರೀ 150 ಮೈಕ್ರೋಗ್ರಾಂ. ಪ್ಯಾಕೆಟ್ ಮೇಲೆ ನಗುವ ಸೂರ್ಯನ ಚಿತ್ರ ನೋಡಿ ತನ್ನಿ. ಮುಚ್ಚಳ ಇರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.

ಆದರೆ ಹಶಿಮೋಟೊಗೆ ಅಯೋಡಿನ್ ಕೊರತೆ ಕಾರಣ ಅಲ್ಲ. ಅದಕ್ಕೆ ಅಂತ ಆನ್‌ಲೈನ್‌ನಲ್ಲಿ ಸಿಗುವ ಅಯೋಡಿನ್ ತುಂಬಿದ ಕಡಲಪಾಚಿ ಮಾತ್ರೆ ನುಂಗಿದರೆ ಇನ್ನೂ ಕೆಡಬಹುದು.

ನಿಟ್ಟುವಳ್ಳಿ ಅಕ್ಕಾ, ನಿಮಗೆ ಇದಕ್ಕಿಂತ ಮುಖ್ಯ ಮಾತ್ರೆ ನುಂಗುವ ಹೊತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಹಾಲು, ಕಾಫಿ, ತಿಂಡಿ ಇಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇವಕ್ಕೂ ಇದಕ್ಕೂ 4 ಗಂಟೆ ಅಂತರ ಇರಲಿ. ಕಬ್ಬಿಣ ಬೇಡ ಅಂತಲ್ಲ, ಎರಡೂ ಒಟ್ಟಿಗೆ ಹೋದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಮಧ್ಯಾಹ್ನದ ಊಟದ ಮೇಲೆ ಕೊಡುತ್ತಾರೆ ಅಂದರೆ ಸರಿಹೋಗುತ್ತದೆ.

ನಿಟ್ಟುವಳ್ಳಿ_ಅಮ್ಮ (ಏಳು ತಿಂಗಳ ನಂತರ)

ಯಾರಾದರೂ ಇದನ್ನು ಹುಡುಕಿಕೊಂಡು ಬಂದರೆ ಇರಲಿ ಅಂತ ಬರೆಯುತ್ತಿದ್ದೇನೆ.

ಎಂಟು ವಾರಕ್ಕೆ ಟೆಸ್ಟ್ ಮಾಡಿಸಿದಾಗ ಟಿಎಸ್‌ಎಚ್ 9ಕ್ಕೆ ಇಳಿದಿತ್ತು. ಡೋಸ್ ಸ್ವಲ್ಪ ಏರಿಸಿದರು. ಅದರ ಮುಂದಿನ ಸಲ 2.8. ಎತ್ತರ 142.5ರಿಂದ 147 ಆಗಿದೆ. ಮಲಬದ್ಧತೆ ಹೋಗಿದೆ. ಫ್ಯಾನ್ ಫುಲ್ ಸ್ಪೀಡ್!

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಮೊದಲ ಎರಡು ಮೂರು ತಿಂಗಳು ಮಗಳು ಜಗಳಗಂಟಿ ಆಗಿಬಿಟ್ಟಿದ್ದಳು. ಇಷ್ಟು ದಿನ ಸುಮ್ಮನೆ ಮೂಲೆಯಲ್ಲಿ ಕೂತಿದ್ದವಳು ಮನೆ ತುಂಬಾ ಓಡಾಡುವುದು, ತಮ್ಮನಿಗೆ ಹೊಡೆಯುವುದು, ಓದಲು ಒಂದು ಕಡೆ ಕೂರದಿರುವುದು. ಮಿಡ್ ಟರ್ಮ್‌ನಲ್ಲಿ ಮಾರ್ಕ್ಸ್ ಇನ್ನೂ ಇಳಿಯಿತು. ಮಾತ್ರೆ ಜಾಸ್ತಿ ಆಯಿತೇನೋ ಅಂತ ಹೆದರಿ ಓಡಿದೆ. ತುಂಬಾ ದಿನ ಕಡಿಮೆ ಇದ್ದ ಮಕ್ಕಳಲ್ಲಿ ಶುರುವಿಗೆ ಹೀಗಾಗುವುದು ಉಂಟು, ರಿಪೋರ್ಟ್ ಸರಿ ಇದೆ, ತಾಳ್ಮೆ ಇರಲಿ ಅಂದರು ಡಾಕ್ಟರ್. ಜೋರು ತಲೆನೋವು ಬಂದರೆ ಮಾತ್ರ ತಕ್ಷಣ ಹೇಳಿ ಅಂದಿದ್ದರು. ಅದು ಬರಲಿಲ್ಲ. ಈಗ ಮನೆ ತಣ್ಣಗಾಗಿದೆ.

ಅತ್ತೆಗೂ ಟೆಸ್ಟ್ ಮಾಡಿಸಿದೆವು. ಟಿಎಸ್‌ಎಚ್ 14. ಈಗ ಅಜ್ಜಿ, ಮೊಮ್ಮಗಳು ಒಂದೇ ಚೊಂಬಿನ ನೀರಿನಲ್ಲಿ ಮಾತ್ರೆ ನುಂಗುತ್ತಾರೆ. ಯಾರಿಗೂ ಹೇಳಬೇಡ ಅಂದವರು ಪಕ್ಕದ ಮನೆಯ ಹುಡುಗಿಗೆ ಗಲ್ಲ ಎತ್ತಿಸಿ ನೀರು ಕುಡಿಸಿ ಕುತ್ತಿಗೆ ನೋಡುತ್ತಿದ್ದರು ಮೊನ್ನೆ.

ಮಂಡಕ್ಕಿ_ಮಿರ್ಚಿ

ನಮ್ಮದೂ ಹೇಳಿಬಿಡುತ್ತೇನೆ. ಮಾತ್ರೆ ಕೊಡಲಿಲ್ಲ. 3 ತಿಂಗಳ ನಂತರ ಟಿಎಸ್‌ಎಚ್ 3.9, ಆಂಟಿ ಟಿಪಿಒ ನಾರ್ಮಲ್. ದಿನಾ ಸಂಜೆ ಕುಂದವಾಡ ಕೆರೆ ಸುತ್ತ ನಡೆಯುತ್ತಾಳೆ, ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ.

ಹೊಳಲ್ಕೆರೆ_ಅಪ್ಪ

ಜಗಳ ಆಡಿದವನು ವಾಪಸ್ ಬಂದಿದ್ದೇನೆ. ನನ್ನ ಮಗನಿಗೇ ಹೈಪೋ ಬಂತು. ಕುತ್ತಿಗೆ ಊತ ನೋಡಿ ಶಾಲೆಯ ತಂಡದವರೇ ಚೀಟಿ ಕೊಟ್ಟರು. ಈಗ ಜೂನ್‌ಗೆ ಪಿಯುಸಿ ಹಾಸ್ಟೆಲ್‌ಗೆ ಹೋಗುತ್ತಾನೆ. ಅಲ್ಲಿ 6 ಗಂಟೆಗೇ ಕಾಫಿ, 7ಕ್ಕೆ ತಿಂಡಿ. ಮಾತ್ರೆ ಹೇಗೆ ನಿಭಾಯಿಸಬೇಕು?

ಹರಿಹರದ_ಸೊಸೆ

ಅಪ್ಪಾಜಿ, ನಾನು ಹಾಸ್ಟೆಲ್‌ನಲ್ಲಿ 5 ವರ್ಷ ಇದ್ದವಳು. ರಾತ್ರಿಯೇ ತಲೆದಿಂಬಿನ ಹತ್ತಿರ ಒಂದು ಮಾತ್ರೆ, ಒಂದು ಬಾಟಲಿ ನೀರು ಇಟ್ಟುಕೊಳ್ಳುತ್ತಿದ್ದೆ. ಐದೂವರೆಗೆ ಅಲಾರಂ, ಕಣ್ಣು ಮುಚ್ಚಿಕೊಂಡೇ ನುಂಗಿ ಮತ್ತೆ ಮಲಗುವುದು. ಅದೂ ಆಗದಿದ್ದರೆ ರಾತ್ರಿ ಮಲಗುವಾಗ, ಊಟ ಆಗಿ 3 ಗಂಟೆ ಕಳೆದ ಮೇಲೆ ತಗೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ, ಕೆಲವರಿಗೆ ಹಾಗೂ ಬರೆಯುತ್ತಾರೆ. ಡಬ್ಬಿಯನ್ನು ಕಿಟಕಿ ಹತ್ತಿರ ಬಿಸಿಲಿಗೆ, ಟ್ರಂಕಿನ ಮೇಲೆ ಇಡಬೇಡ ಅಂತ ಹೇಳಿ. ಒಂದು ದಿನ ಮರೆತರೆ ಗಾಬರಿ ಆಗಿ ಡಾಕ್ಟರನ್ನು ಕೇಳದೆ ಡೋಸ್ ಹೆಚ್ಚುಕಡಿಮೆ ಮಾಡುವುದು ಬೇಡ. ಆಮೇಲೆ ರೂಮ್‌ಮೇಟ್‌ಗೆ ವಿಷಯ ಗೊತ್ತಿರಲಿ. ನನ್ನ ರೂಮ್‌ಮೇಟ್ ನನಗಿಂತ ಮೊದಲು ಎದ್ದು "ಏಳೇ, ನಿನ್ನ ಮಾತ್ರೆ" ಅಂತ ಎಬ್ಬಿಸುತ್ತಿದ್ದಳು.